ಹಳದಿ ಹೆಲ್ಮೆಟ್

ಸಂಗಣ್ಣನ ತಲೆಗೆ ತನ್ನ ಹಳದಿ ಹೆಲ್ಮೆಟ್ ಹಾಕಿ, ಗದ್ದದಡಿ ಪಟ್ಟಿ ಬಿಗಿದು, ದೀಪಶ್ರೀ ಕ್ವಾರಿಯ ತಳದಿಂದ ಕೂಗಿದಳು: "ಎಳೀರಿ!" ಬಂಡೆಯಿಂದ ಬಿದ್ದವರನ್ನು ಮೇಲೆತ್ತುವಾಗ ಕಲ್ಲು ಉದುರೀತೆಂದು ಅವಳ ಸ್ವಯಂಸೇವಕರ ತಂಡ ಮೊದಲು ಮಾಡುವ ಕೆಲಸವೇ ಅದು. ಸಂಗಣ್ಣನಿಗೆ ಆಗಿನ್ನೂ ಉಸಿರಿತ್ತು.

ಮೇಲೆ ಮುಟ್ಟುವಷ್ಟರಲ್ಲಿ ಅದೂ ನಿಂತಿತ್ತು. ಕಂಟ್ರಾಕ್ಟರ್ ಬಗ್ಗಿ ಹೆಣದ ನಾಲ್ಕು ಫೋಟೊ ತೆಗೆದು, ಫೋನನ್ನು ಕಿವಿಗಿಟ್ಟ. "ಫೋಟೊ ಕಳ್ಸಿದೀನಿ ನೋಡಿ ಸಾರ್. ಹೆಲ್ಮೆಟ್ ಕೊಟ್ಟೇ ಕೆಲ್ಸಕ್ಕೆ ಇಳ್ಸಿದ್ದು."

"ಸುಳ್ಳರೀ! ತಲಿಗೆ ಬರೇ ಟವೆಲ್ ಸುತ್ಕೊಂಡಿದ್ರು!" ಸಂಗಣ್ಣನ ಹೆಂಡತಿ ದೇವಕ್ಕ ಚೀರಿದಳು.

ಹಿಂದೆಯೇ ಹಗ್ಗ ಹಿಡಿದು ಮೇಲೇರಿ ಬಂದ ದೀಪಶ್ರೀ ಹೆಲ್ಮೆಟ್ಟಿನ ಪಟ್ಟಿಗೆ ಕೈ ಹಾಕಿದಳು. ಕಂಟ್ರಾಕ್ಟರ್ ಅಡ್ಡ ಬಂದ.

"ಪೊಲೀಸ್ರು ಬರೋವರ್ಗೂ ಬಾಡಿ ಮುಟ್ಬಾರ್ದು ಮೇಡಂ. ಓದ್ದೋರು, ಅಷ್ಟೂ ರೂಲ್ಸ್ ಗೊತ್ತಿಲ್ವಾ?"