ಆಟದೊಳಗಿನ ಓನರು

"ಇಷ್ಟೇನಾ? ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ!"

ಚನ್ನಕೇಶವ ಲ್ಯಾಪ್‌ಟಾಪಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಪರದೆ ಜಗ್ಗಲಿಲ್ಲ. ‘ಡೆಮೊ ಮುಗಿಯಿತು. ಪೂರ್ತಿ ಆಟ ದೀಪಾವಳಿಗೆ’ ಎಂಬ ಸಾಲು ಹಾಗೇ ನಿಂತಿತ್ತು.

ಪಕ್ಕದಲ್ಲಿ ಕೂತಿದ್ದ ಮಗಳು ಕವನಾ ಮನೆದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು. ಕೆಲಸ ಬಿಟ್ಟು ಎರಡು ವರ್ಷ ಮನೆಯಲ್ಲಿ ಕೂತು ಅವಳೇ ಕಟ್ಟಿದ ಆಟ ಅದು. ಒಂಟಿ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದೇ ಕಥೆ. ಆಡುವವರು ಆ ಹುಡುಗಿಯಾಗಿ ಓನರನ ಪ್ರಶ್ನೆಗಳಿಗೆ ಉತ್ತರ ಆರಿಸಬೇಕು. ಜನ ಆಡಿ ನೋಡಲೆಂದು ಮೊದಲ ತುಣುಕನ್ನು ನಿನ್ನೆಯಷ್ಟೇ ನೆಟ್ಟಿಗೆ ಹಾಕಿದ್ದಳು. ಅಪ್ಪ ಕನ್ನಡಕ ಏರಿಸಿಕೊಂಡು "ನಾನೂ ಒಂದ್ ಕೈ ನೋಡ್ತೀನಿ" ಎಂದು ಬಂದು ಕೂರುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಏಕೆಂದರೆ ಆ ಓನರು ಅಪ್ಪನೇ. ಅತ್ತಿಗುಪ್ಪೆಯ ಈ ಮೂರಂತಸ್ತಿನ ಮನೆಯಲ್ಲಿ, ಬಾಡಿಗೆಗೆ ಬಂದವರ ಮುಂದೆ ಅಪ್ಪ ಆಡಿದ ಮಾತುಗಳನ್ನೆಲ್ಲ ಅವಳು ಹೆಕ್ಕಿ ಹೆಕ್ಕಿ ತುಂಬಿದ್ದಳು. "ನೆಂಟರು ಜಾಸ್ತಿ ಬರ್ತಾರಾ?" "ದಿನಾ ತಲೆಗೆ ಸ್ನಾನ ಮಾಡ್ತೀರಾ?" ಪುಣ್ಯಕ್ಕೆ ಡೆಮೊದಲ್ಲಿ ಇದ್ದದ್ದು ಇಷ್ಟೇ. ಮುಂದಿನ ಭಾಗದಲ್ಲಿ, ಮನೆ ಖಾಲಿ ಮಾಡುವ ದಿನ, ಓನರು ಟಾರ್ಚು ಹಿಡಿದು ಗೋಡೆಯ ಮೇಲೆ ಮೊಳೆಯ ತೂತು ಹುಡುಕುತ್ತಾ ಬರುತ್ತಾನೆ. ಆ ಟಾರ್ಚು ಕಂಡರೆ ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಎರಡು ವರ್ಷದಲ್ಲಿ ಒಂದು ದಿನವೂ "ಇದರಿಂದ ಏನ್ ಬರತ್ತೆ?" ಎಂದು ಕೇಳದ ಮನುಷ್ಯ. ಅಂಥವರನ್ನು ನೋಡಿ ಊರೆಲ್ಲ ನಗುವಂತೆ ಮಾಡಿಬಿಟ್ಟೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

"ಆ ಹುಡ್ಗಿಗೆ ಮನೆ ಸಿಕ್ತೋ ಇಲ್ವೋ, ಅದಾದ್ರೂ ಹೇಳು."

"ಇನ್ನೂ ಬರೀತಾ ಇದೀನಪ್ಪ."

"ಏನ್ ಜೋರು ಕಣಮ್ಮ ಆ ಓನರ್ದು! ತಲೆಗೆ ನೀರು ಹಾಕ್ಕೊಳೋಕೂ ಇವನನ್ನ ಕೇಳ್ಬೇಕಾ?" ಚನ್ನಕೇಶವ ಕನ್ನಡಕ ತೆಗೆದು ಮಡಚಿದರು. "ಥೇಟ್ ನಮ್ಮ ಎದುರುಮನೆ ಮುನಿಯಣ್ಣ."

ಕವನಾಳಿಗೆ ಹೋದ ಜೀವ ಬಂದಂತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಹಾಯಾಗಿ ಕೂತಿದ್ದಾರೆ; ಇವಳು ಅಷ್ಟು ಹೊತ್ತೂ ತನ್ನ ಹೆಗಲು ತಡವಿಕೊಂಡಿದ್ದೇ ಬಂತು. ಮುನಿಯಣ್ಣನ ಮನೆಯಲ್ಲೂ ಬಾಡಿಗೆಯವರಿದ್ದರು, ನಂಬಲು ಅಷ್ಟು ಸಾಕು.

"ಹೂಂ ಅಪ್ಪ, ಸ್ವಲ್ಪ ಅವ್ರ ಥರಾನೇ ಇದಾರೆ," ಎಂದು ಒಂದಿಷ್ಟೂ ನಾಚಿಕೆಯಿಲ್ಲದೆ ಎಲ್ಲವನ್ನೂ ಆ ಪಾಪದ ಮನುಷ್ಯನ ತಲೆಗೆ ಕಟ್ಟಿದಳು.

ಚನ್ನಕೇಶವ ನೀರಿನ ಮೋಟಾರು ಹಾಕಲು ಎದ್ದರು. ಬಾಗಿಲ ಹತ್ತಿರ ನಿಂತು ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳಿದರು:

"ಅವ್ನಿಗೆ ಹೇಳ್ಬೇಡ, ನೊಂದ್ಕೋತಾನೆ. ಆದ್ರೆ ದೀಪಾವಳಿಗೆ ಬರೋದ್ರಲ್ಲಿ ಒಂದ್ ವಿಷ್ಯ ಸೇರ್ಸು. ಬಾಡಿಗೆಗಿದ್ದ ಆ ಹಾಸನದ ಹುಡ್ಗಿಗೆ ಹೆರಿಗೆ ನೋವು ಬಂತಲ್ಲ, ಆವತ್ತು ಅಷ್ಟು ಮಳೇಲಿ ಕಾರ್ ತೆಗೆದು ಅವಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋದೋನೂ ಅದೇ ಓನರ್ರೇ ತಾನೇ? ಮನುಷ್ಯ ಅಷ್ಟೇನ್ ಕೆಟ್ಟೋನಲ್ಲ ಕಣಮ್ಮ."

ಅವರು ನಗುತ್ತಾ ಮೆಟ್ಟಿಲಿಳಿದು ಹೋದರು. ಕವನಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಆವತ್ತು ಆ ಕಾರಿನ ಹಿಂದಿನ ಸೀಟಿನಲ್ಲಿ ಹಾಸನದ ಹುಡುಗಿಯ ಕೈ ಹಿಡಿದುಕೊಂಡಿದ್ದವಳು ಅವಳೇ. ಸಿಕ್ಕಿಬಿದ್ದವರಿಗೂ ಮನಸ್ಸು ಇಷ್ಟು ಹಗುರಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಎದುರುಮನೆ ಮುನಿಯಣ್ಣನಿಗೆ ಸೈಕಲ್ ಹೊಡೆಯಲೂ ಬರುವುದಿಲ್ಲ.