ಚೌಕದ ಹೊರಗೆ

"ಇದು ನಾನೇನಾ ಮೇಡಂ?" ಆಪರೇಟರುಗಳ ಪರವಾಗಿ ಸಹಿ ಹಾಕಬೇಕಿದ್ದ ಈಶ್ವರಪ್ಪ ಎಡಗೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು ಕೇಳಿದರು. ಹರಿಯಾಣದ ಮಾನೇಸರಿನ ಒಂದು ಕಾರ್ಖಾನೆಗೆ ಬರಲಿದ್ದ ಹೊಸ ಪ್ರೆಸ್ ಮೆಷಿನ್ನಿನ ಯೂಸ್ ಕೇಸ್ ಡಯಾಗ್ರಾಮ್, ಅಂದರೆ ಅದನ್ನು ಯಾರು ಯಾವುದಕ್ಕೆ ಬಳಸುತ್ತಾರೆಂದು ತೋರಿಸುವ ಚಿತ್ರ, ಮೇಜಿನ ಮೇಲೆ ಹರಡಿತ್ತು. ದೊಡ್ಡ ಚೌಕವೇ ಮೆಷಿನ್ನು. ಒಳಗಿನ ಮೊಟ್ಟೆಯಾಕಾರಗಳು ಅದರಿಂದ ಆಗಬೇಕಾದ ಕೆಲಸಗಳು: ಶುರು ಮಾಡು, ಒತ್ತು, ನಿಲ್ಲಿಸು. ಚೌಕದ ಹೊರಗೆ ಒಬ್ಬ ಕಡ್ಡಿ ಮನುಷ್ಯ ನಿಂತಿದ್ದ.

"ಹೌದು, ನೀವೇ," ಎಂದಳು ಡಿಸೈನ್ ಎಂಜಿನಿಯರ್ ಪ್ರಕೃತಿ. "ಮೆಷಿನ್ ನಡೆಸೋರು ಯಾವಾಗಲೂ ಚೌಕದ ಹೊರಗೇ ಇರ್ತಾರೆ. ಈ ಚಿತ್ರದ ನಿಯಮ ಅದು."

"ಅಚ್ಛಾ," ಎನ್ನುತ್ತ ಈಶ್ವರಪ್ಪ ಅಷ್ಟು ಹೊತ್ತೂ ಜೇಬಿನಲ್ಲಿದ್ದ ಬಲಗೈಯನ್ನು ತೆಗೆದು ಹಾಳೆಯ ಮೇಲಿಟ್ಟರು. ಮಣಿಕಟ್ಟು ಕಡ್ಡಿ ಮನುಷ್ಯನ ಮೇಲಿತ್ತು, ಬೆರಳುಗಳು ಚೌಕದ ಒಳಗೆ. ತೋರುಬೆರಳಿನ ಪಕ್ಕದ ಎರಡು ಬೆರಳು ಬುಡದಲ್ಲೇ ಮುಗಿದಿದ್ದವು. "ತಗಡು ಸಿಕ್ಕಿಹಾಕಿಕೊಂಡರೆ ಹೀಗೆ ತೆಗೀತೀವಿ. ಶಿಫ್ಟಿಗೆ ಹತ್ತು ಸಲ. ಅದು ಇದರಲ್ಲಿ ಎಲ್ಲಿದೆ?"

ಪ್ರಕೃತಿ ಹುಡುಕಲು ಹೋಗಲಿಲ್ಲ. ಚಿತ್ರ ಬರೆದವಳು ಅವಳೇ. ಇಲ್ಲವೆಂದು ಅವಳಿಗೆ ಗೊತ್ತಿತ್ತು. "ಕೈ ತೆಗೀಬೇಡಿ," ಎಂದು ಪೆನ್ನೆತ್ತಿಕೊಂಡು ಆ ಕೈಯ ಸುತ್ತ ಗೆರೆ ಎಳೆಯತೊಡಗಿದಳು. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು. ಅಲ್ಲಿಗೆ ಪೆನ್ನು ನಿಂತುಬಿಟ್ಟಿತು.

"ಅಲ್ಲಿ ಪೂರ್ತಿ ಬರೀರಿ ಮೇಡಂ," ಎಂದರು ಈಶ್ವರಪ್ಪ. "ಹೊಸ ಮೆಷಿನ್ ಮುಂದೆ ನಿಲ್ಲೋಳು ನಮ್ಮ ಸುನೀತಾ. ಅವಳಿಗೆ ಐದೂ ಇವೆ."