ಎರಡನೆಯ ರಿಮೋಟು

ಈಗ ಹೇಳಿಬಿಡಲೇ? ಒಂದೇ ಮಾತು ಸಾಕು, ಇವನ ಮೆರೆದಾಟ ಇಲ್ಲಿಗೇ ಮುಗಿಯುತ್ತದೆ ಎಂದು ವಾದಿರಾಜ ಯೋಚಿಸುತ್ತಿದ್ದ. ತಮ್ಮ ಮುಕುಂದನ ಮನೆಯಲ್ಲಿ ಗೋಡೆಯ ತುಂಬ ಹಳೆಯ ವಿಡಿಯೋ ಗೇಮುಗಳು. ಅವನ್ನು ನೋಡಲು ಹುಬ್ಬಳ್ಳಿ, ಬೆಳಗಾವಿಯಿಂದೆಲ್ಲ ಜನ ಬಂದಿದ್ದರು. ವಾದಿರಾಜನನ್ನು ನೋಡಲು ಯಾರೂ ಎಂದೂ ಬಂದಿರಲಿಲ್ಲ.

"ಇದೊಂದನ್ನ ಯಾಕ ಗಾಜಿನ ಪೆಟ್ಟಿಗ್ಯಾಗ ಇಟ್ಟೀರಿ?" ಎಂದು ಬಂದವರೊಬ್ಬರು ಕೇಳಿದರು. ಒಳಗಿದ್ದದ್ದು ಬಟನ್ ಸವೆದ ಒಂದು ರಿಮೋಟು.

"ಅದು ನಂದ್ರೀ!" ಎಂದ ಮುಕುಂದ. "ಸಣ್ಣವರಿದ್ದಾಗ ಅಣ್ಣ ವಿಮಾನ ಓಡಸ್ತಿದ್ದ, ಗುಂಡು ಹೊಡೀತಿದ್ದಾಂವ ನಾನು. ನಮ್ಮನ್ನ ಸೋಲಸಾವ್ರು ಓಣ್ಯಾಗ ಯಾರೂ ಇದ್ದಿಲ್ಲ. ಈ ಹುಚ್ಚು ಹತ್ತಿದ್ದ ಅಲ್ಲಿಂದ. ಬೇಕಾದ್ರ ಅಣ್ಣನ್ನ ಕೇಳ್ರಿ, ನನ್ನ ಗುರಿ ಹೆಂಗಿತ್ತಂತ."

ಎಲ್ಲರೂ ವಾದಿರಾಜನತ್ತ ತಿರುಗಿದರು. ಹೇಳಿಬಿಡಲೆಂದು ಅವನು ಬಾಯಿ ತೆರೆದ. ಮುಕುಂದ ಏಳು ವರ್ಷದ ಹುಡುಗನ ಹಾಗೆ ಅಣ್ಣನ ಬಾಯನ್ನೇ ನೋಡುತ್ತ ನಿಂತಿದ್ದ.

"ಒಂದೂ ತಪ್ಪತಿದ್ದಿಲ್ಲ," ಎಂದ ವಾದಿರಾಜ.

ಆ ರಿಮೋಟಿನ ವೈರನ್ನು ತಾನು ಒಂದು ದಿನವೂ ಗೇಮಿಗೆ ಸಿಕ್ಕಿಸಿರಲಿಲ್ಲವೆಂದು ಅವನು ಹೇಳಲೇ ಇಲ್ಲ.